ಪೆನ್‌ಡ್ರೈವ್ ಮಾಮ

ನಮ್ಮ ಬೀದಿಯಲ್ಲಿ ಯಾರ ಮನೆಯ ಕಂಪ್ಯೂಟರ್ ಮೂರ್ಛೆ ಬಿದ್ದರೂ ಮೊದಲು ಓಡಿ ಬರುವವರು ಪೆನ್‌ಡ್ರೈವ್ ಮಾಮ. ಸ್ಕೂಟರಿನ ಕೀಗೊಂಚಲಲ್ಲಿ ಎರಡು ಪೆನ್‌ಡ್ರೈವ್ ನೇತಾಡುತ್ತಿರುತ್ತವೆ, ಮುದಿ ಯಂತ್ರಗಳಿಗೆ 32 ಬಿಟ್, ಉಳಿದವಕ್ಕೆ 64. ಎರಡರಲ್ಲೂ ಪಪ್ಪಿ ಲಿನಕ್ಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್. 2003ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಅದನ್ನು ಕಟ್ಟಿದ್ದು, ತಮ್ಮ ಚಿವಾವಾ ನಾಯಿಯ ಹೆಸರಿಟ್ಟಿದ್ದು, ಇಷ್ಟು ಸಂಕಲ್ಪ ಆಗದೆ ಮಾಮ ಪೂಜೆ ಶುರು ಮಾಡುವುದಿಲ್ಲ.

"ಯಾವ ಕಂಪನಿ?" ಗೋತ್ರ ಕೇಳುವ ದನಿ. ಬೂಟ್ ಮೆನು ತೆರೆಯಲು ಡೆಲ್ ಆದರೆ ಎಫ್12, ಎಚ್‌ಪಿ ಆದರೆ ಎಸ್ಕೇಪ್ ಒತ್ತಿ ಎಫ್9. ಸರಾಗವಾಗಿ ಬೂಟ್ ಆಗುವ ಯಂತ್ರ ಕಂಡರೆ ಅವರ ಮುಖ ಸಪ್ಪಗಾಗುತ್ತದೆ.

ನಮ್ಮ ಅಟ್ಟದಿಂದ ಇಳಿಸಿದ ಪೆಂಟಿಯಮ್ ಎಂ ಕಾಲದ ಲ್ಯಾಪ್‌ಟಾಪ್ ನೋಡಿ ಮಾತ್ರ ತೋಳು ಮಡಚಿದರು. ಪ್ರೊಸೆಸರಿನಲ್ಲಿ ಪಿಎಇ ಎಂಬ ಸೌಲಭ್ಯ ಇಲ್ಲ ಅಂತ ಕರ್ನಲ್ ಹಟ ಹಿಡಿಯಿತು. "ಇದೆ ಕಣೋ, ಇವನಿಗೆ ಹೇಳಿಕೊಳ್ಳೋಕೆ ಸಂಕೋಚ," ಎಂದು ಬೂಟ್ ಸಾಲಿಗೆ ‘ಫೋರ್ಸ್‌ಪಿಎಇ’ ಸೇರಿಸಿದರು. ಪರದೆ ಕಪ್ಪಾಯಿತು. ‘ನೋಮೋಡ್‌ಸೆಟ್’ ಹಾಕಿದರು. ಬೆಳಕಾಯಿತು. ಅಷ್ಟರಲ್ಲಿ ಎರಡು ಕಾಫಿ ಆಗಿತ್ತು. ಇದ್ದಕ್ಕಿದ್ದಂತೆ ಲ್ಯಾಪ್‌ಟಾಪಿನೊಳಗಿಂದ "ಬೌ ಬೌ!" ಸೌಂಡ್ ಕಾರ್ಡ್ ಸಿಕ್ಕಿದರೆ ಪಪ್ಪಿ ಬೊಗಳಿಯೇ ಬರುವುದು ಅದರ ಪದ್ಧತಿ. ಬೀದಿನಾಯಿ ಕರಿಯ ಗೇಟಿಗೆ ಬಂದು ಜವಾಬು ಕೊಟ್ಟ.

ಆಗ ಮಾಮ ಪೆನ್‌ಡ್ರೈವನ್ನೇ ಕಿತ್ತು ಜೇಬಿಗಿಟ್ಟರು. ಯಂತ್ರ ಅಲ್ಲಾಡಲಿಲ್ಲ! ಇಡೀ ಪಪ್ಪಿ ರ‍್ಯಾಮಿನಲ್ಲಿ ಕೂತಿತ್ತು. ಆದರೆ ಹೋಗುವಾಗ ಸೇವ್ ಮಾಡದಿದ್ದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ವೈಫೈ ಬಗ್ಗಲು ಇನ್ನೂ ಒಂದೂವರೆ ಗಂಟೆ, ಒಂದು ಫರ್ಮ್‌ವೇರ್ ಕಡತ, ಒಂದು ತಟ್ಟೆ ಉಪ್ಪಿಟ್ಟು ಬೇಕಾಯಿತು. ಕೊನೆಗೆ ಸಿಗ್ನಲ್ಲಿನ ಕಡ್ಡಿಗಳು ಎದ್ದು ನಿಂತವು. ನನ್ನವಳು ಕರೆಂಟ್ ಬಿಲ್ ಹಿಡಿದು ಬಂದಳು, "ಸದ್ಯ, ಇದರಲ್ಲೇ ಕಟ್ಟಿಬಿಡಬಹುದು." ಬಿಲ್ ನೋಡಿದ್ದೇ ಮಾಮನಿಗೆ ಆಕಳಿಕೆ ಬಂತು. ಶಟ್‌ಡೌನ್ ಒತ್ತಿದರು. ಸೇವ್ ಮಾಡಲೇ ಎಂದು ಪಪ್ಪಿ ಕೇಳಿತು. ಮಾಮ ‘ಬೇಡ’ ಅಂದರು.

"ಅಯ್ಯೋ, ಉಳಿಸಲಿಲ್ವಾ ಮಾಮಾ?"

"ಹೇಗೆ ಅಂತ ಗೊತ್ತಾಯ್ತಲ್ಲ! ಭಾನುವಾರ ಬಂದು ಮೊದಲಿಂದ ಮಾಡೋಣ. ಡಿಕಾಕ್ಷನ್ ಸ್ವಲ್ಪ ಗಟ್ಟಿ ಇರಲಿ."