ನಾಲ್ಕು ಗಂಟೆಯ ಉಪವಾಸ

(ಜಯನಗರದ ಮಾಧವನ್ ಪಾರ್ಕು, ಬೆಳಗಿನ ಏಳು. ಇಲ್ಲಿನ ಬೆಂಚುಗಳ ಮೇಲೆ ವೈದ್ಯಶಾಸ್ತ್ರ ಉಚಿತ. ನಿವೃತ್ತ ರಾಯರು, ಪಕ್ಕದಲ್ಲಿ ಡಾಕ್ಟರ್ ಅಳಿಯ.)

ರಾಯರು: ಸಣ್ಣ ಕರುಳಲ್ಲಿ ಬ್ಯಾಕ್ಟೀರಿಯಾ ಮಿತಿಮೀರಿದೆ, ಸಿಬೋ ಅಂದ್ರಿ. ಆದ್ರೆ ಮಾತ್ರೆ ಬೇಡ ಅಳಿಯಂದ್ರೇ, ನಂದು ನ್ಯಾಚುರಲ್ ದಾರಿ. ಓಮದ ಕಷಾಯ, ಬೇವಿನ ರಸ, ಹಾಗಲಕಾಯಿ ಜ್ಯೂಸು. ಅಮೆರಿಕದವರೇ ಒಪ್ಪಿದಾರೆ!

ಅಳಿಯ: ಅದು 2014ರ ಜಾನ್ಸ್ ಹಾಪ್‌ಕಿನ್ಸ್ ಅಧ್ಯಯನ. ಗಿಡಮೂಲಿಕೆ ತಗೊಂಡವರಲ್ಲಿ ಶೇ. 46, ರಿಫಾಕ್ಸಿಮಿನ್ ಮಾತ್ರೆ ನುಂಗಿದವರಲ್ಲಿ ಶೇ. 34 ಜನರ ಉಸಿರು ಪರೀಕ್ಷೆ ಸರಿಹೋಯ್ತು. ಆದ್ರೆ ರೋಗಿಗಳು ಬರೀ 104, ಕೊಟ್ಟ ಗಿಡಮೂಲಿಕೆ ಅಳತೆಯ ಕ್ಯಾಪ್ಸೂಲು. ಪಾರ್ಕ್ ಗೇಟಿನ ಮುಂದಿನ ಹಸಿರು ಜ್ಯೂಸಲ್ಲ.

ರಾಯರು: ಉಸಿರು ಪರೀಕ್ಷೆ?

ಅಳಿಯ: ಗ್ಲೂಕೋಸ್ ಇಲ್ಲಾ ಲ್ಯಾಕ್ಟುಲೋಸ್ ಕುಡಿಸಿ, ಉಸಿರಲ್ಲಿ ಹೈಡ್ರೋಜನ್, ಮೀಥೇನ್ ಅಳೀತಾರೆ.

ರಾಯರು: ಅದಕ್ಕೆ ಯಂತ್ರ ಬೇರೆ! ನನ್ನ ಗ್ಯಾಸು ಇಡೀ ಮನೆಗೇ ಗೊತ್ತಾಗುತ್ತೆ.

ಅಳಿಯ: ಗ್ಯಾಸು ಕಮ್ಮಿಯಾಗೋಕೆ ಸ್ವಲ್ಪ ದಿನ ಈರುಳ್ಳಿ, ಬೆಳ್ಳುಳ್ಳಿ ಬಿಡಿ.

ರಾಯರು: ಮನೇಲಿ ಎರಡೂ ನಿಷಿದ್ಧ. ಹೋಟ್ಲು ಈರುಳ್ಳಿ ದೋಸೆ ಲೆಕ್ಕಕ್ಕಿಲ್ಲ.

ಅಳಿಯ: ಊಟದ ನಡುವೆ ನಾಲ್ಕು ಗಂಟೆ ಏನೂ ತಿನ್ನಬೇಡಿ. ಖಾಲಿ ಕರುಳು 90ರಿಂದ 120 ನಿಮಿಷಕ್ಕೊಮ್ಮೆ ತಾನೇ ಗುಡಿಸಿಕೊಳ್ಳುತ್ತೆ. ತುತ್ತು ಬಿತ್ತೋ, ಪೊರಕೆ ಕೆಳಗೆ. ಇದಕ್ಕಿಂತ ನ್ಯಾಚುರಲ್ ಏನಿದೆ ಮಾವ? ಖರ್ಚೂ ಇಲ್ಲ.

ರಾಯರು: (ಗಾಬರಿಯಿಂದ) ನಾಲ್ಕು ಗಂಟೆ! ಎಂಟಕ್ಕೆ ದರ್ಶಿನಿಯ ಬೈಟು ಕಾಫಿ, ಹತ್ತಕ್ಕೆ ಕೋಡುಬಳೆ, ಹನ್ನೊಂದಕ್ಕೆ ಬನಶಂಕರಿ ಗುಡಿ... ಪ್ರಸಾದಾನೂ ಲೆಕ್ಕಾನಾ?

ಅಳಿಯ: ಕರುಳಿಗೆ ಭಕ್ತಿ ಗೊತ್ತಿಲ್ಲ. ಪುಳಿಯೋಗರೆ ಪುಳಿಯೋಗರೆಯೇ.

ರಾಯರು: (ದೀರ್ಘ ಮೌನ) ಆ ಮಾತ್ರೆ ಏನಂದ್ರಿ? ತಿಂಡಿಗೆ ಮುಂಚೆನೋ, ಆದ್ಮೇಲೋ?