ಡಬ್ಬಿ ಮೀಮಾಂಸೆ

ಕನ್ನಡ ನಾಡಿನ ಅಡುಗೆಮನೆ ಮೂಲತಃ ಲೋಹದ ಸಾಮ್ರಾಜ್ಯ. ತಾಮ್ರ, ಹಿತ್ತಾಳೆ, ಕಂಚುಗಳ ಕಾಲ ಮುಗಿದ ಮೇಲೆ ಪಟ್ಟಕ್ಕೇರಿದ ಸ್ಟೀಲು, ಮದುವೆಯ ಉಡುಗೊರೆಯಾಗಿಯೋ ಹಳೆಯ ಜರಿ ಸೀರೆಗೆ ಪ್ರತಿಯಾಗಿಯೋ ಮನೆಯೊಳಕ್ಕೆ ಬಂದು, ಮೈಮೇಲೆ ಕೊಟ್ಟವರ ಹೆಸರನ್ನೂ ಇಸವಿಯನ್ನೂ ಚುಕ್ಕೆಚುಕ್ಕೆಯಾಗಿ ಕೊರೆಸಿಕೊಂಡು, ಗೂಡು ತುಂಬಿ ಅಟ್ಟದವರೆಗೂ ಹಬ್ಬಿಕೊಂಡಿತು. ಇಂಥ ಮನೆಗೆ ಮೈಕ್ರೋವೇವ್ ಒಲೆ ಬಂದಾಗ ಅದು ಹಾಕಿದ ಮೊದಲ ಷರತ್ತೇ ಸ್ಟೀಲು ಒಳಗೆ ಬರಕೂಡದು ಎಂಬುದು. ಲೋಹವು ಸೂಕ್ಷ್ಮತರಂಗಗಳನ್ನು ಹಿಂದಕ್ಕೆ ತಳ್ಳುವುದರಿಂದ ಸ್ಟೀಲು ಡಬ್ಬಿಯೊಳಗಿನ ಅನ್ನ ಸರಿಯಾಗಿ ಬಿಸಿಯಾಗುವುದಿಲ್ಲ. ಜೊತೆಗೆ ಅಂಚುಗಳಲ್ಲಿ ಕಿಡಿ ಹಾರುವ ಅಪಾಯವೂ ಉಂಟು. ಅರಸನಿಗೇ ಪ್ರವೇಶವಿಲ್ಲದ ಈ ಸಭೆಗೆ ಯಾರನ್ನಾದರೂ ಕಳುಹಿಸಲೇಬೇಕಾಗಿ ಬಂದಾಗ, ಅದುವರೆಗೆ ಫ್ರಿಜ್ಜಿನ ಮೂಲೆಯಲ್ಲಿ ಅರ್ಧ ಹೋಳು ನಿಂಬೆಹಣ್ಣನ್ನು ಕಾಯುತ್ತಿದ್ದ ಪ್ಲಾಸ್ಟಿಕ್ ಡಬ್ಬಿಗೆ ಏಕಾಏಕಿ ಬಡ್ತಿ ದೊರೆಯಿತು.

ಬಡ್ತಿಗೆ ಅದರ ಅರ್ಹತೆ ಏನು ಎಂಬುದನ್ನು ಅರಿಯಬೇಕಾದರೆ ಯಂತ್ರದ ಸ್ವಭಾವವನ್ನು ತುಸು ನೋಡಬೇಕು. ಸೂಕ್ಷ್ಮತರಂಗಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್ ಎಂಬ ನಳಿಕೆಯನ್ನು 1940ರಲ್ಲಿ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಸುಧಾರಿಸಿದ್ದು ಶತ್ರುವಿಮಾನಗಳನ್ನು ಪತ್ತೆಹಚ್ಚುವ ರೇಡಾರಿಗಾಗಿ. ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ ಎಂಬ ಎಂಜಿನಿಯರು, ಜೇಬಿನಲ್ಲಿದ್ದ ಸಿಹಿತುಂಡು ಕರಗಿದ್ದನ್ನು ಕಂಡು ಅದೇ ನಳಿಕೆಯನ್ನು ಅಡುಗೆಗೆ ಹಚ್ಚಿದರೆಂದು ಪ್ರಸಿದ್ಧಿ. 1947ರ ಮೊದಲ ಮಾದರಿ ಆಳೆತ್ತರದ್ದಾಗಿದ್ದು ಸುಮಾರು 340 ಕಿಲೋ ತೂಗುತ್ತಿತ್ತು. ಇಂದಿನ ಪುಟ್ಟ ಪೆಟ್ಟಿಗೆಯೂ ಅದೇ ತತ್ತ್ವದಲ್ಲಿ ದುಡಿಯುತ್ತದೆ: ಸೆಕೆಂಡಿಗೆ 245 ಕೋಟಿ ಬಾರಿ ಆಂದೋಲಿಸುವ ವಿದ್ಯುತ್ ಕ್ಷೇತ್ರಕ್ಕೆ ತಕ್ಕಂತೆ ತಿರುಗಲು ಆಹಾರದೊಳಗಿನ ನೀರಿನ ಅಣುಗಳು ಹೆಣಗುತ್ತವೆ, ಆ ಹೆಣಗಾಟವೇ ಬಿಸಿಯಾಗುತ್ತದೆ. ಬಹುತೇಕ ಪ್ಲಾಸ್ಟಿಕ್ಕುಗಳು ಈ ಗದ್ದಲದಲ್ಲಿ ಪಾಲ್ಗೊಳ್ಳುವುದಿಲ್ಲ. ತರಂಗಗಳು ಅವುಗಳ ಮೂಲಕ ಹಾದುಹೋಗುತ್ತವೆ. ಹಾಗಾಗಿ ಡಬ್ಬಿಯನ್ನು ಕಾಯಿಸುವುದು ಒಲೆಯಲ್ಲ, ಒಳಗಿರುವ ಹುಳಿ. ಪ್ಲಾಸ್ಟಿಕ್ಕಿನ ಕ್ಷೇಮವನ್ನು ಕುರಿತ ಚರ್ಚೆಯೆಲ್ಲವೂ ಈ ಒಂದು ಸಂಗತಿಯ ಮೇಲೆ ನಿಂತಿದೆ.

ನೀರು ನೂರು ಡಿಗ್ರಿಗೆ ಕುದಿದು ಅಲ್ಲಿಗೇ ನಿಲ್ಲುತ್ತದೆ; ಎಣ್ಣೆ, ತುಪ್ಪ, ಬೆಲ್ಲದ ಪಾಕಗಳಿಗೆ ಆ ಸಂಯಮವಿಲ್ಲ. ಒಗ್ಗರಣೆಯ ಎಣ್ಣೆ ಮೇಲೆ ತೇಲುವ ಸಾರನ್ನು ಹೆಚ್ಚು ಹೊತ್ತು ಬಿಸಿ ಮಾಡಿದಾಗ ಸಾರಿನ ಮಟ್ಟಕ್ಕೆ ಸರಿಯಾಗಿ ಡಬ್ಬಿಯ ಒಳಗೋಡೆಯಲ್ಲಿ ಒರಟಾದ ಉಂಗುರವೊಂದು ಮೂಡುತ್ತದೆ: ಅಲ್ಲಿ ಬಿಸಿ ನೂರನ್ನು ದಾಟಿದೆ, ಪ್ಲಾಸ್ಟಿಕ್ಕು ಮೆತ್ತಗಾಗಿ ಮತ್ತೆ ಗಟ್ಟಿಯಾಗಿದೆ. ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಾದವರಿಗೆ ಅರಿಸಿನದ ಕಲೆ ಇದ್ದೇ ಇದೆ. ಅರಿಸಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ನೀರಿಗಿಂತ ಜಿಡ್ಡಿನಲ್ಲಿ ಸಲೀಸಾಗಿ ಕರಗುವ ವಸ್ತುವಾದ್ದರಿಂದ, ಬಿಸಿ ಎಣ್ಣೆಯ ಜೊತೆಗೂಡಿ ಪ್ಲಾಸ್ಟಿಕ್ಕಿನ ಮೇಲ್ಪದರದೊಳಕ್ಕೆ ಇಳಿದು ಅಲ್ಲಿಯೇ ನೆಲೆಸುತ್ತದೆ. ಸಬೀನ, ನಿಂಬೆಹಣ್ಣು, ಅಡುಗೆ ಸೋಡಾಗಳೆಲ್ಲ ಸೋತ ಮೇಲೆ ಆ ಹಳದಿ ಡಬ್ಬಿಯನ್ನು ಬಿಸಿಲಿಗಿಟ್ಟು ಬಿಳಿಚಿಸುವ ಗೃಹಿಣಿ, ಕರ್ಕ್ಯುಮಿನ್ ಬೆಳಕಿಗೆ ಒಡೆಯುತ್ತದೆಂಬ ರಸಾಯನಶಾಸ್ತ್ರವನ್ನು ಪದವಿಯಿಲ್ಲದೆಯೇ ಪ್ರಯೋಗಿಸುತ್ತಿರುತ್ತಾರೆ. ಇಷ್ಟಾದರೂ ಯಾರೂ ಕೇಳಿಕೊಳ್ಳದ ಪ್ರಶ್ನೆ ಒಂದಿದೆ: ಸಾರಿನಿಂದ ಡಬ್ಬಿಗೆ ಹೋಗಲು ಹಾದಿ ಇದೆಯೆಂದ ಮೇಲೆ ಡಬ್ಬಿಯಿಂದ ಸಾರಿಗೆ ಬರಲು ಇಲ್ಲವೆ?

ಇದೆ. ಹೀಗೆ ಪಾತ್ರೆಯ ಅಂಶಗಳು ಆಹಾರಕ್ಕೆ ಇಳಿಯುವುದನ್ನು ಶಾಸ್ತ್ರಕಾರರು ವಲಸೆ ಎಂದು ಕರೆಯುತ್ತಾರೆ. ಬಿಸಿ, ಜಿಡ್ಡು, ಹುಳಿ, ಹೊತ್ತು ಮತ್ತು ಡಬ್ಬಿಯ ಮುಪ್ಪು ಈ ವಲಸೆಯನ್ನು ಹೆಚ್ಚಿಸುವ ಸಂಗತಿಗಳು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2018ರ ಪ್ಯಾಕೇಜಿಂಗ್ ನಿಯಮಗಳಲ್ಲಿ ಒಂದು ಕಿಲೋ ಆಹಾರಕ್ಕೆ ಒಟ್ಟು 60 ಮಿಲಿಗ್ರಾಂ ವಲಸೆಗೆ ಮಿತಿ ಹಾಕಿದೆ. ಅಂದರೆ ಕಾನೂನು ವಲಸೆಯನ್ನು ನಿಷೇಧಿಸಿಲ್ಲ, ಗಡಿಯಲ್ಲಿ ತಕ್ಕಡಿ ಇಟ್ಟುಕೊಂಡು ಕುಳಿತಿದೆ. ಪರೀಕ್ಷೆಯ ವಿಧಾನ ಇನ್ನೂ ಸ್ವಾರಸ್ಯಕರವಾದದ್ದು. ಪ್ರಯೋಗಾಲಯದವರು ಡಬ್ಬಿಗೆ ನಿಜವಾದ ಊಟವನ್ನು ಹಾಕುವುದಿಲ್ಲ. ಬಟ್ಟಿ ಇಳಿಸಿದ ನೀರು, ಶೇಕಡಾ 3ರ ಅಸಿಟಿಕ್ ಆಮ್ಲ, ಆಲ್ಕೊಹಾಲ್, ಹೆಪ್ಟೇನ್ ಎಂಬ ದ್ರಾವಕ ಇವುಗಳನ್ನು ಆಹಾರದ ಪ್ರತಿನಿಧಿಗಳೆಂದು ಒಪ್ಪಿಕೊಂಡು, ಹುಳಿ ಪದಾರ್ಥಕ್ಕೆ ಆಮ್ಲ, ಜಿಡ್ಡಿನ ಪದಾರ್ಥಕ್ಕೆ ಹೆಪ್ಟೇನ್ ಎಂಬಂತೆ ಹಂಚಿಕೆ ಮಾಡಿಕೊಂಡಿದ್ದಾರೆ. ಹುಣಸೆಯ ಹುಳಿ, ಕೊಬ್ಬರಿಯ ಜಿಡ್ಡು, ಬೆಲ್ಲ, ಉಪ್ಪು ಮತ್ತು ಮೇಲಿನ ಎರಡು ಚಮಚ ತುಪ್ಪವನ್ನು ಒಂದೇ ದೇಹದಲ್ಲಿ ಧರಿಸಿರುವ ಬಿಸಿಬೇಳೆ ಬಾತಿಗೆ ಇವುಗಳಲ್ಲಿ ಯಾರು ಪ್ರತಿನಿಧಿಯಾದಾರು ಎಂಬುದನ್ನು ಪಂಡಿತರು ಯೋಚಿಸಬೇಕು.

ಡಬ್ಬಿಯ ತಳದಲ್ಲಿರುವ ತ್ರಿಕೋನದೊಳಗಿನ ಅಂಕಿಯನ್ನು ಜಾತಕದಂತೆ ಓದುವ ಒಂದು ವರ್ಗವೂ ಬೆಳೆದಿದೆ. ವಾಸ್ತವದಲ್ಲಿ ಈ ಅಂಕಿಗಳನ್ನು 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ರೂಪಿಸಿದ್ದು ಕಸ ವಿಂಗಡಿಸುವವರ ಅನುಕೂಲಕ್ಕೇ ಹೊರತು ಅಡುಗೆಯವರಿಗಾಗಿ ಅಲ್ಲ. ಆದರೂ ಅವುಗಳಿಂದ ಡಬ್ಬಿಯ ಕುಲ ತಿಳಿಯುತ್ತದೆಂಬುದು ನಿಜ. 1 ಎಂದರೆ ನೀರಿನ ಬಾಟಲಿಯ ಪಿಇಟಿ, ಬಿಸಿ ಸಾರಿಗೆ ಮುದುರಿಕೊಳ್ಳುವ ಜಾತಿ. 3 ಪಿವಿಸಿ, ಮೆತ್ತಗಾಗಲೆಂದು ಬೆರೆಸಿದ ಥ್ಯಾಲೇಟ್ ಎಂಬ ರಾಸಾಯನಿಕಗಳು ಇದರಲ್ಲಿ ಬಿಗಿಯಾಗಿ ಬಂಧಿತವಾಗಿರುವುದಿಲ್ಲ. 6 ಪಾಲಿಸ್ಟೈರೀನ್, ಇದೂ ಬಿಸಿಗೆ ಹೇಳಿಸಿದ್ದಲ್ಲ. ಸುಮಾರು 160 ಡಿಗ್ರಿಯವರೆಗೆ ಕರಗದೆ ನಿಲ್ಲುವ 5ನೆಯ ಸಂಖ್ಯೆಯ ಪಾಲಿಪ್ರೊಪಿಲೀನ್ ಮುಖ್ಯವಾಗಿ ಮೈಕ್ರೋವೇವ್ ಸಂಸಾರಕ್ಕೆ ಯೋಗ್ಯವೆನಿಸಿಕೊಂಡಿದೆ. ಪಿಂಗಾಣಿಯಂತೆ ಹೊಳೆದು ಎಲ್ಲರನ್ನೂ ಮರುಳುಮಾಡುವ ಮೆಲಮೈನ್ ತಟ್ಟೆ ಮಾತ್ರ ಅಪವಾದ: ಅದು ತರಂಗಗಳನ್ನು ತಾನೇ ಹೀರಿ ಊಟಕ್ಕಿಂತ ಮೊದಲು ಬಿಸಿಯಾಗುತ್ತದೆ. ಇನ್ನು ಐಸ್‌ಕ್ರೀಂ ಡಬ್ಬಿಯನ್ನು ರೂಪಿಸಿದವರು ಅದಕ್ಕೆ ಸೊನ್ನೆಯ ಕೆಳಗಿನ ಬದುಕನ್ನಷ್ಟೇ ಕಲ್ಪಿಸಿದ್ದರು. ಐಸ್‌ಕ್ರೀಂ ಮುಗಿದ ಮೇಲೆ ಅದು ಹತ್ತು ವರ್ಷ ಗೊಜ್ಜು ಹೊರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಬಿಸ್ಫಿನಾಲ್-ಎ (ಬಿಪಿಎ) ಎಂಬ ರಾಸಾಯನಿಕದ ಕಥೆ ಇಲ್ಲಿಯೇ ಬರಬೇಕು. 1891ರಲ್ಲಿ ರಷ್ಯಾದ ದಿಯಾನಿನ್ ತಯಾರಿಸಿದ ಈ ವಸ್ತು ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜೆನ್ನನ್ನು ದುರ್ಬಲವಾಗಿ ಅನುಕರಿಸುತ್ತದೆಂದು 1930ರ ದಶಕದಲ್ಲಿಯೇ ಲಂಡನ್ನಿನಲ್ಲಿ ತಿಳಿದಿತ್ತು. ಹಾಗಿದ್ದೂ ಗಾಜಿನಂತೆ ಪಾರದರ್ಶಕವಾದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕನ್ನು ಅದರಿಂದಲೇ ಮಾಡಿ, ಆ ಪ್ಲಾಸ್ಟಿಕ್ಕಿನಿಂದ ಹಾಲುಗೂಸುಗಳ ಬಾಟಲಿ ಮಾಡಲಾಯಿತು. ಐರೋಪ್ಯ ಒಕ್ಕೂಟ 2011ರಲ್ಲಿಯೂ ಅಮೆರಿಕ 2012ರಲ್ಲಿಯೂ ಅದನ್ನು ಮಗುವಿನ ಬಾಟಲಿಯಿಂದ ಹೊರಗಟ್ಟಿದವು. 2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯು ದಿನವೊಂದಕ್ಕೆ ಸಹ್ಯವಾದ ಪ್ರಮಾಣವನ್ನು ಹಿಂದಿನದರ 20,000ದಲ್ಲಿ ಒಂದು ಪಾಲಿಗೆ ಇಳಿಸಿತು. ಅಷ್ಟು ವರ್ಷ ಸಹಿಸಿಕೊಂಡವರು ಯಾವ ಲೆಕ್ಕಕ್ಕೆ ಸೇರಿದರೋ ತಿಳಿಯದು. ಈ ಗದ್ದಲದ ಫಲವಾಗಿ ಇಂದು ಅಂಗಡಿಯ ಪ್ರತಿ ಡಬ್ಬಿಯೂ ತನ್ನಲ್ಲಿ ಬಿಪಿಎ ಇಲ್ಲವೆಂದು ಹಸಿರಕ್ಷರದಲ್ಲಿ ಸಾರುತ್ತದೆ. ಪಾಲಿಪ್ರೊಪಿಲೀನ್ ತಯಾರಿಕೆಗೆ ಬಿಪಿಎ ಎಂದೂ ಬೇಕಾಗಿರಲಿಲ್ಲವಾದ್ದರಿಂದ, ಅದರ ಮೇಲಿನ ಈ ಘೋಷಣೆ ಮಾಡದ ತಪ್ಪಿಗೆ ಪಡೆದ ಖುಲಾಸೆಯ ಪತ್ರವೆನ್ನಬಹುದು.

ಈ ಪ್ರಾಮಾಣಿಕ 5ನೆಯ ಸಂಖ್ಯೆಯನ್ನೂ 2023ರಲ್ಲಿ ಅಮೆರಿಕದ ನೆಬ್ರಾಸ್ಕ-ಲಿಂಕನ್ ವಿಶ್ವವಿದ್ಯಾಲಯದವರು ನೆಮ್ಮದಿಯಾಗಿರಲು ಬಿಡಲಿಲ್ಲ. ಮಕ್ಕಳ ಆಹಾರದ ಡಬ್ಬಿ ಮತ್ತು ಚೀಲಗಳಲ್ಲಿ ನೀರನ್ನೂ ದುರ್ಬಲ ಆಮ್ಲವನ್ನೂ ತುಂಬಿ ಮೂರು ನಿಮಿಷ ಮೈಕ್ರೋವೇವ್ ಮಾಡಿದಾಗ, ಕೆಲವು ಡಬ್ಬಿಗಳ ಒಂದೇ ಚದರ ಸೆಂಟಿಮೀಟರಿನಿಂದ 42 ಲಕ್ಷದಷ್ಟು ಸೂಕ್ಷ್ಮ ಕಣಗಳೂ 211 ಕೋಟಿಯಷ್ಟು ಅತಿಸೂಕ್ಷ್ಮ ನ್ಯಾನೋ ಕಣಗಳೂ ಉದುರಿದವು. ಸಂಖ್ಯೆ ದಿಗಿಲು ಹುಟ್ಟಿಸುವಂಥದೇ. ಆದರೆ ಕಣ ಅಷ್ಟು ಚಿಕ್ಕದಾದಾಗ ಕೋಟಿಗಟ್ಟಲೆ ಕೂಡಿದರೂ ತೂಕ ಅತ್ಯಲ್ಪ, ಮತ್ತು ಅವು ಮನುಷ್ಯನ ಆರೋಗ್ಯಕ್ಕೆ ಏನು ಮಾಡುತ್ತವೆಂದು ಹೇಳಲು ಆಧಾರ ಸಾಲದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದೂ ಇದೆ. ಆಧಾರ ಸಾಲದು ಎಂಬ ಮಾತನ್ನು ಅಪಾಯವಿಲ್ಲ ಎಂದು ಓದಿಕೊಳ್ಳುವವರೂ ವಿಷ ಎಂದು ಓದಿಕೊಳ್ಳುವವರೂ ಸಾಮಾನ್ಯವಾಗಿ ಒಂದೇ ಮನೆಯಲ್ಲಿ ಗಂಡ-ಹೆಂಡಿರಾಗಿ ಇರುತ್ತಾರೆ.

ವಿಷದ ಪಕ್ಷದವರ ಹಳೆಯ ಅಸ್ತ್ರ ಡಯಾಕ್ಸಿನ್. ಪ್ಲಾಸ್ಟಿಕ್ಕನ್ನು ಮೈಕ್ರೋವೇವ್‌ನಲ್ಲಿಟ್ಟರೆ ಡಯಾಕ್ಸಿನ್ ಬಿಡುಗಡೆಯಾಗಿ ಕ್ಯಾನ್ಸರ್ ಬರುತ್ತದೆಂಬ ಸಂದೇಶ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಹೆಸರನ್ನು ಹೊತ್ತು ಮೊದಲು ಇಮೇಲಿನಲ್ಲಿಯೂ ಈಗ ಕುಟುಂಬದ ವಾಟ್ಸಾಪ್ ಗುಂಪುಗಳಲ್ಲಿಯೂ ಸುಪ್ರಭಾತದ ಜೊತೆಗೆ ಸುತ್ತುತ್ತಿದೆ. ಕ್ಲೋರಿನ್ ಇರುವ ವಸ್ತು ನೂರಾರು ಡಿಗ್ರಿಯಲ್ಲಿ ಉರಿದಾಗ ಹುಟ್ಟುವ ಡಯಾಕ್ಸಿನ್ ಅನ್ನ ಬಿಸಿಮಾಡುವುದರಿಂದ ಹುಟ್ಟುವುದಿಲ್ಲವೆಂದು ಅದೇ ವಿಶ್ವವಿದ್ಯಾಲಯದ ರೋಲ್ಫ್ ಹಾಲ್ಡನ್ 2004ರಲ್ಲಿಯೇ ವಿವರಿಸಿದ್ದರು. ಆದರೆ ಬಿಸಿಗೆ ಬೇರೆ ರಾಸಾಯನಿಕಗಳು ಇಳಿಯಬಹುದಾದ್ದರಿಂದ ಗಾಜು, ಪಿಂಗಾಣಿಗಳೇ ಲೇಸೆಂದೂ ಅವರು ಹೇಳಿದರು. ತಪ್ಪು ಕಾರಣ ಕೊಟ್ಟು ಸರಿಯಾದ ಬುದ್ಧಿ ಹೇಳುವುದರಲ್ಲಿ ಸೋದರಮಾವಂದಿರಿಗಿರುವ ನೈಪುಣ್ಯ ಇದರಿಂದ ಮತ್ತೊಮ್ಮೆ ಸಿದ್ಧವಾಯಿತು.

ಬಿಸಿ ಮತ್ತು ಪ್ಲಾಸ್ಟಿಕ್ಕಿನ ಸಮಾಗಮಕ್ಕೆ ಮೈಕ್ರೋವೇವೇ ಬೇಕೆಂದಿಲ್ಲ. ಇಡ್ಲಿ ತಟ್ಟೆಗೆ ಒದ್ದೆ ಬಟ್ಟೆಯ ಬದಲು ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ ಹಬೆಯಲ್ಲಿ ಬೇಯಿಸುವ ಪರಿಪಾಠ ಹಲವು ಹೋಟೆಲುಗಳಲ್ಲಿ ಕಂಡುಬಂದು, 2025ರ ಫೆಬ್ರವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ನಿಷೇಧಿಸಿತು. ಈ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಖಂಡಿಸಿದ ನಾಗರಿಕರು ಅದೇ ಬೆಳಗ್ಗೆ ದರ್ಶಿನಿಯಿಂದ ಕುದಿಕುದಿ ಸಾಂಬಾರನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿಕೊಂಡು ಮನೆಗೆ ಒಯ್ದಿರಲಾರರೆಂದು ನಂಬುವುದು ಕಷ್ಟ.

ಇಷ್ಟೆಲ್ಲ ಜಿಜ್ಞಾಸೆಯ ನಡುವೆ ಮರೆತುಹೋಗುವ ಸಂಗತಿ ಡಬ್ಬಿಯೊಳಗಿನ ಅನ್ನದ್ದು. ರಾತ್ರಿಯಿಡೀ ಹೊರಗೆ ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ವಾಂತಿಕಾರಕ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಒಲೆಯೊಳಗೆ ತರಂಗಗಳು ಸಮನಾಗಿ ಹರಡದೆ ಕೆಲವೆಡೆ ಸುಡು, ಕೆಲವೆಡೆ ತಣ್ಣಗೆ ಉಳಿಯುವುದರಿಂದಲೇ ಗಾಜಿನ ತಟ್ಟೆ ಸುತ್ತುತ್ತಿರುತ್ತದೆ. ಆದರೂ ನಡುವೆ ಒಮ್ಮೆ ಕಲಕದಿದ್ದರೆ ಮಧ್ಯದ ತುತ್ತು ತಣ್ಣಗೇ ಸಿಗುತ್ತದೆ. ನ್ಯಾನೋ ಕಣದ ಕೇಡು ಎಂದೋ ಬರಬಹುದಾದದ್ದು, ಈ ಅನ್ನದ ಕೇಡು ಮಧ್ಯಾಹ್ನದೊಳಗೆ ಬರುವಂಥದು.

ಹಾಗಾದರೆ ಡಬ್ಬಿಗಳನ್ನೇನು ಮಾಡಬೇಕು? ಎಸೆಯುವುದೆಂಬ ಉತ್ತರ ಕನ್ನಡ ಗೃಹಶಾಸ್ತ್ರದಲ್ಲಿ ಇಲ್ಲ. ಗೀರು ಬಿದ್ದ, ಹಳದಿಗಟ್ಟಿದ ಡಬ್ಬಿ ಬಿಸಿ ಊಟದ ಸೇವೆಯಿಂದ ನಿವೃತ್ತವಾಗಿ, ಸಾಸಿವೆ-ಮೆಂತ್ಯಗಳ ಖಾತೆಗೆ, ಅಲ್ಲಿಂದ ಸೂಜಿದಾರ ಮತ್ತು ಕಿತ್ತುಹೋದ ಗುಂಡಿಗಳ ಖಾತೆಗೆ ವರ್ಗವಾಗುವುದು ವಾಡಿಕೆ. ತಣ್ಣಗಿನ ಒಣ ಪದಾರ್ಥಕ್ಕೆ ವಲಸೆ ತೀರ ಕಡಿಮೆಯಾದ್ದರಿಂದ ವಿಜ್ಞಾನಕ್ಕೂ ಇದರಲ್ಲಿ ತಕರಾರಿಲ್ಲ. ಯುರೋಪು ತನ್ನ ಉದ್ಯಮಗಳಿಗೆ ಬಿಪಿಎಯನ್ನು ಕೈಬಿಡಲು 2025ರ ಜನವರಿಯಿಂದ ಎಣಿಸುವ ಗಡುವು ವಿಧಿಸಿತು; ಆದರೆ ಹಬ್ಬದ ರಾತ್ರಿ ಉಳಿದ ಪಾಯಸಕ್ಕೆ ಪಾತ್ರೆ ಸಾಲದಾದಾಗ, ಗುಂಡಿಗಳನ್ನು ಮೇಜಿನ ಮೇಲೆ ಸುರಿದು, ಆ ನಿವೃತ್ತ ಡಬ್ಬಿಯನ್ನೇ ತೊಳೆದು ಮತ್ತೆ ಕರ್ತವ್ಯಕ್ಕೆ ಕರೆಸಿಕೊಳ್ಳುವುದನ್ನು ತಡೆಯಬಲ್ಲ ನಿಯಮಾವಳಿಯನ್ನು ಯಾವ ಒಕ್ಕೂಟವೂ ಇನ್ನೂ ಬರೆದಿಲ್ಲ.