ದುರ್ಗಿಗುಡಿ ಜೀವಶಾಸ್ತ್ರ ಮೀಮಾಂಸೆ

ಸೂತ್ರ: ತರಗತಿ ಏರಿದಷ್ಟೂ ಜೀವಿ ಕ್ಷೀಣ.

ಭಾಷ್ಯ: ಶಿವಮೊಗ್ಗದ ದುರ್ಗಿಗುಡಿಯಲ್ಲಿ ಎಂಟನೇ ತರಗತಿಯಿಂದ ಸೆಕೆಂಡ್ ಪಿಯುವರೆಗೆ ಜೀವಶಾಸ್ತ್ರ ಓದುವ ಸಕಲರಿಗೂ ಈ ಸೂತ್ರ ಅನ್ವಯ. ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು ಟ್ಯೂಷನ್ ಮುಗಿಸಿ ಹೋಗುವವರಿಗೂ ವಿನಾಯಿತಿಯಿಲ್ಲ. ಓದಿನ ಪರಮ ಪುರುಷಾರ್ಥ ಯಾವುದೆಂದು ಇಲ್ಲಿ ಬೋಧಿಸಬೇಕಾಗಿಲ್ಲ. ಕ್ಲಿನಿಕ್ಕಿನ ಬೋರ್ಡಿನ ಮುಂದೆ ಅಪ್ಪ ಸ್ಕೂಟರ್ ನಿಧಾನಿಸಿದರೆ ಸಾಕು.

ಎಂಟರಲ್ಲಿ ಜೀವಿ ಹೇರಳ. ಅಡುಗೆಮನೆಯ ಈರುಳ್ಳಿ, ಪಕ್ಕದ ಮನೆ ಕಾಂಪೌಂಡಿನ ದಾಸವಾಳ ಎಲ್ಲವೂ ಶಾಲೆಗೆ ಬರುತ್ತವೆ. ಈರುಳ್ಳಿಯ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟ ಹುಡುಗಿಗೆ ಮೊದಲು ಕಾಣುವುದು ತನ್ನದೇ ರೆಪ್ಪೆಗೂದಲು, ಆಮೇಲೆ ಗಾಳಿಗುಳ್ಳೆ. ಅದನ್ನೇ ಜೀವಕೋಶವೆಂದು ಬರೆದು, ನಡುವೆ ಕೋಶಕೇಂದ್ರವನ್ನೂ ದಯಪಾಲಿಸುತ್ತಾಳೆ. ಸಂಶೋಧನೆ ತಪ್ಪಾದರೂ ಸ್ವಂತದ್ದು ಎಂಬುದು ಈ ಭಾಷ್ಯಕಾರನ ಪಕ್ಷಪಾತ.

ಎಸ್ಸೆಸ್ಸೆಲ್ಸಿಯಲ್ಲಿ ಜೀವಿ ಹೋಗಿ ಚಿತ್ರ ಉಳಿಯುತ್ತದೆ. ಹೃದಯ ಬಡಿಯುವುದು ಅಲ್ಲಿ ಗೌಣ. ಮಹಾಪಧಮನಿಯ ಗೆರೆ ಸ್ಕೇಲಿಟ್ಟು ಎಳೆದದ್ದೇ ಎಂಬುದು ಪ್ರಧಾನ. ಮೆಂಡಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಪ್ರಬಂಧಕ್ಕೆ ವಿದ್ವಲ್ಲೋಕ ಬೆಲೆ ಕೊಡಲು 1900 ಆಗಬೇಕಾಯಿತು. ನಮ್ಮ ಮಕ್ಕಳು ಪರೀಕ್ಷೆಯ ಹಿಂದಿನ ರಾತ್ರಿ ಅಷ್ಟನ್ನೂ ಮುಗಿಸುತ್ತಾರೆ.

ಪಿಯುಗೆ ಬಂದು ಪಿಸಿಎಂಬಿ ಹಿಡಿದರೆ ಎದುರಾಗುವುದು ಫಾರ್ಮಲಿನ್ ಬಾಟಲಿ. ಒಳಗಿನ ಪ್ರಾಣಿ ಬಿಳಿಚಿ, ಹೊರಗಿನ ಚೀಟಿ ಮಾಸಿ, ಎರಡೂ ಸಮಾನವಾಗಿ ಅಜ್ಞೇಯ. ಹಿಂದಿನ ತಲೆಮಾರಿನವರು ಕಪ್ಪೆ ಕೊಯ್ದ ಕಥೆಯನ್ನು ಇಂದಿಗೂ ಊಟಕ್ಕೆ ಕೂತಾಗಲೇ ಹೇಳುವುದೇಕೆ ಎಂಬುದು ಬೇರೆ ಪ್ರಬಂಧದ ವಸ್ತು. ಕೊನೆಗೆ ನೀಟ್: 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದ್ದು, 720 ಅಂಕಗಳಲ್ಲಿ 360. ಅಮೀಬಾದಿಂದ ಆನೆಯವರೆಗಿನ ಜೀವರಾಶಿಯೆಲ್ಲ ಓಎಂಆರ್ ಹಾಳೆಯ ಕರಿ ಬೊಟ್ಟಿನಲ್ಲಿ ಲೀನ. ಬೊಟ್ಟು ತಪ್ಪಿದರೆ ಇದ್ದದ್ದರಲ್ಲೂ ಒಂದು ಅಂಕ ಕಡಿತ.

ಪೂರ್ವಪಕ್ಷ: ಸಕ್ರೆಬೈಲಿನಲ್ಲಿ ಆನೆಗಳಿವೆ, ಮಂಡಗದ್ದೆಯಲ್ಲಿ ತುಂಗೆಯ ನಡುವೆ ಹಕ್ಕಿಗಳು ಗೂಡು ಕಟ್ಟುತ್ತವೆ; ಜೀವಿ ಕ್ಷೀಣವೆಂಬುದು ಹೇಗೆ?

ಸಿದ್ಧಾಂತ: ಸಿಲಬಸ್ಸಿನಲ್ಲಿ ಇಲ್ಲದ್ದು ಇದ್ದರೂ ಇಲ್ಲದಂತೆಯೇ.

ಪೂರ್ವಪಕ್ಷಿ ಬಿಡುವುದಿಲ್ಲ. ಸಸ್ಯಶಾಸ್ತ್ರದ ವಿದ್ಯಾರ್ಥಿಗಳನ್ನು ಕಾಡಿಗೇ ಕರೆದೊಯ್ದ ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’ ಕೃತಿಗೆ 1978ರಲ್ಲಿ ಪ್ರಶಸ್ತಿ ಬರಲಿಲ್ಲವೇ ಎನ್ನುತ್ತಾನೆ. ಬಂತು. ಆದರೆ ಅದು ಸಾಹಿತ್ಯ ಅಕಾಡೆಮಿಯದು, ರ‍್ಯಾಂಕ್ ಪಟ್ಟಿಯದಲ್ಲ.

ಆಗ ಅವನು ಮಂಗನ ಕಾಯಿಲೆಯನ್ನು ಮುಂದಿಡುತ್ತಾನೆ. ಇದು ಗಟ್ಟಿ ಆಕ್ಷೇಪ. ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಈ ರೋಗದ ವೈರಸ್ಸು ಆ ಕಾಡಿನ ಹೆಸರನ್ನೇ ಹೊತ್ತು ಜಗತ್ತಿನ ಗ್ರಂಥಗಳಿಗೆ ಸೇರಿದೆ. ದುರ್ಗಿಗುಡಿಯ ವಿದ್ಯಾರ್ಥಿ ಬಾಯಿಪಾಠ ಮಾಡುವುದು ಮಲೇರಿಯ, ಟೈಫಾಯಿಡ್, ಆನೆಕಾಲು. ಸೊರಬದ ಅವನ ಅಜ್ಜ ಬೇಸಿಗೆಯಲ್ಲಿ ಫೋನ್ ಮಾಡಿ, “ಮಂಗ ಸತ್ತು ಬಿದ್ದದೆ ಮಾರಾಯ, ರಜಕ್ಕೆ ಬಂದ್ರೆ ಆ ಬದಿ ಕಾಲಿಡಬೇಡ. ಸತ್ತ ಮಂಗನ ಮೈಯಿಂದ ಉಣುಗು ಇಳಿತದೆ” ಎನ್ನುತ್ತಾನೆ. ಆಶ್ರಯಜೀವಿ, ರೋಗವಾಹಕ, ಹರಡುವ ಕಾಲ, ಮುಂಜಾಗ್ರತೆ ಎಲ್ಲವೂ ಒಂದೇ ಉಸಿರಿನಲ್ಲಿ ಬಂದವು, ನಿಜ. ಆದರೆ ಅಜ್ಜ ಎ, ಬಿ, ಸಿ, ಡಿ ಎಂಬ ನಾಲ್ಕು ಆಯ್ಕೆ ಕೊಡಲಿಲ್ಲ. ಆದಕಾರಣ ಅದು ಅಪ್ರಮಾಣ.

ಅಪವಾದ: ಸೆಕೆಂಡ್ ಪಿಯುವಿನಲ್ಲೂ ಒಂದು ಜೀವಿ ಉಳಿದಿದೆ. ಸಂಜೆಯ ಟ್ಯೂಷನ್ನಿನಲ್ಲಿ ಪ್ಲಾಸ್ಮೋಡಿಯಮ್ ಜೀವನಚಕ್ರ ನಡೆಯುತ್ತಿರುವಾಗ ಸೊಳ್ಳೆಯೊಂದು ತಾನೇ ಬಂದು ನೋಟ್ಸಿನ ಮೇಲೆ ಕೂರುತ್ತದೆ. ಹಿಂಭಾಗ ಎತ್ತಿ ಕೂತಿದ್ದರೆ ಅನಾಫಿಲಿಸ್, ಹಾಳೆಗೆ ಸಮನಾಗಿ ಕೂತಿದ್ದರೆ ಕ್ಯುಲೆಕ್ಸ್. ನೋಡುವಷ್ಟರಲ್ಲಿ ಪಕ್ಕದವನ ಕ್ವೆಶ್ಚನ್ ಬ್ಯಾಂಕ್ ಅದರ ಮೇಲೆ ಬಿದ್ದಿತು.

“ಯಾವುದಿತ್ತೋ ಅದು?”

“ಯಾವುದಾದ್ರೇನು? ಆ ಪ್ರಶ್ನೆ ಹಳೇ ಪೇಪರಲ್ಲಿ ಬಂದಾಗಿದೆ, ಈ ಸಲ ಬರಲ್ಲ.”